ಫಾನ್ಸ್ ಟ್ಯಾರಂಟನ ಎಡಮಂಡಿ

ಕೆನಡಾದ ಪೂರ್ವ ಕರಾವಳಿಯ ನಮ್ಮ ಗ್ರೇ ಕೋವಿನಲ್ಲಿ ಚೆಂಡನ್ನು ಮೇಲಕ್ಕೆ ಒದೆಯುವವನನ್ನು ಯಾರೂ ಆಟಗಾರನೆಂದು ಒಪ್ಪುವುದಿಲ್ಲ. ಕಡಲಿನಿಂದ ಬೀಸುವ ಗಾಳಿಗೆ ಮೇಲೆ ಹೋದ ಚೆಂಡು ಎಲ್ಲಿ ಬೀಳುತ್ತದೋ ಹೇಳಲಾಗದು. ಒಮ್ಮೆ ನಮ್ಮ ಗೋಲ್‌ಕೀಪರ್ ಸಿರಿಲ್ ಪೈಕ್ ಮುಂದಕ್ಕೆ ಒದ್ದ ಚೆಂಡು ಗಾಳಿಯಲ್ಲೇ ತಿರುಗಿ, ಅವನ ತಲೆಯ ಮೇಲೆ ಹಾದು, ಹಿಂದಿನ ಸ್ಮಶಾನದಲ್ಲಿ ಬಿದ್ದಿತ್ತು. ಅದಕ್ಕೇ ಇಲ್ಲಿನ ಮಕ್ಕಳು ಚೆಂಡನ್ನು ನೆಲ ಬಿಡಿಸದೆ ಆಡುತ್ತಾ ಬೆಳೆಯುತ್ತಾರೆ. ಆದರೆ ಫಾನ್ಸ್ ಟ್ಯಾರಂಟನ ಕಾಲಿಗೆ ಚೆಂಡು ಅಂಟಿಕೊಳ್ಳುತ್ತಿದ್ದ ಹಾಗೆ ಇನ್ನೊಬ್ಬರ ಕಾಲಿಗೆ ಅಂಟಿಕೊಂಡದ್ದನ್ನು ಈ ಎಂಬತ್ತೊಂದು ವರ್ಷದಲ್ಲಿ ನಾನು ನೋಡಿಲ್ಲ.

ನನ್ನ ಹೆಸರು ಗಸ್ ಸ್ಲೇನಿ. ಮೂವತ್ತನಾಲ್ಕು ವರ್ಷ ಈ ಊರಿನ ಅಂಚೆ ಕಚೇರಿ ನೋಡಿಕೊಂಡೆ. ಸಂಜೆಯ ಹೊತ್ತು ಊರಿನ ಫುಟ್‌ಬಾಲ್ ತಂಡಕ್ಕೆ ಆಟ ಕಲಿಸುತ್ತಿದ್ದೆ. ದೋಣಿಯ ಯಜಮಾನನನ್ನು ಕರೆಯುವ ಹಾಗೆ ಹುಡುಗರೆಲ್ಲ ನನ್ನನ್ನು ‘ಸ್ಕಿಪರ್’ ಎನ್ನುತ್ತಿದ್ದರು. ನನಗೆ ದೋಣಿ ಹತ್ತಿದರೆ ವಾಂತಿ ಬರುತ್ತದೆಂಬುದು ಊರಿಗೆಲ್ಲ ಗೊತ್ತಿತ್ತು, ಆದರೂ ಕರೆಯುತ್ತಿದ್ದರು.

ಫಾನ್ಸ್‌ನ ಪೂರ್ತಿ ಹೆಸರು ಆಲ್ಫನ್ಸಸ್. ಅವನಿಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ಎದೆಯ ಕಾಯಿಲೆಯಿಂದ ತೀರಿಕೊಂಡ. ಗಣಿಯಲ್ಲಿ ದುಡಿದ ನಮ್ಮ ಊರಿನ ಎಷ್ಟೋ ಗಂಡಸರು ಹಾಗೇ ಹೋದರು. ತಾಯಿ ಲೊರೆಟಾ ಮೀನಿನ ಕಾರ್ಖಾನೆಯಲ್ಲಿ ಮೀನು ಸೀಳುವ ಕೆಲಸ ಮಾಡುತ್ತಿದ್ದಳು. ಅವಳೂ ನಾನೂ ಒಂದೇ ತರಗತಿಯಲ್ಲಿ ಓದಿದವರು. ನೇರ ಮಾತಿನ ಹೆಂಗಸು. ಮಗನನ್ನು ಹನ್ನೊಂದನೆಯ ವಯಸ್ಸಿಗೆ ನನ್ನ ಹತ್ತಿರ ಕರೆತಂದು, “ಇವನು ಮನೇಲಿದ್ರೆ ಕುರ್ಚಿ ಕಾಲೆಲ್ಲ ಒದ್ದು ಮುರೀತಾನೆ. ನೀನೇ ಇಟ್ಕೋ,” ಎಂದು ಬಿಟ್ಟು ಹೋದಳು.

ಅವನು ಮಾತು ಕಡಿಮೆ. ಏನು ಹೇಳಿದರೂ ‘ಹೂಂ ಸ್ಕಿಪರ್’. ಎಡಗಾಲಿನ ಹುಡುಗ. ಎದುರಿನವನು ಹತ್ತಿರ ಬರುವವರೆಗೆ ಸುಮ್ಮನೆ ನಿಂತು, ಬಂದಮೇಲೆ ಒಂದೇ ಹೆಜ್ಜೆಯಲ್ಲಿ ಅವನನ್ನು ಹಿಂದೆ ಹಾಕುತ್ತಿದ್ದ. ಹದಿನಾರಕ್ಕೇ ದೊಡ್ಡವರ ತಂಡಕ್ಕೆ ಬಂದ. ಹದಿನೇಳಕ್ಕೆ ಅವನಿಲ್ಲದ ತಂಡವನ್ನು ನಾನು ಕಲ್ಪಿಸಿಕೊಳ್ಳಲಾರದಂತಾದೆ.

೧೯೯೧ರ ಬೇಸಿಗೆಯಲ್ಲಿ ನಾರ್ವೆಯ ಹಡಗೊಂದು ಕೆಟ್ಟು ಪಕ್ಕದ ಊರಿನ ಬಂದರಿನಲ್ಲಿ ಐದು ವಾರ ನಿಂತಿತು. ಅದರ ಎಂಜಿನಿಯರ್ ಟೊರ್ಲೈಫ್ ಔನೆ ಎಂಬವರಿಗೆ ಮಾಡಲು ಕೆಲಸವಿಲ್ಲ. ನಮ್ಮ ಆಟ ನೋಡಲು ಬಂದರು. ಒಂದಲ್ಲ, ನಾಲ್ಕು ಆಟ ನೋಡಿದರು. ನಾಲ್ಕನೆಯದು ಮುಗಿದಮೇಲೆ ನನ್ನ ಹತ್ತಿರ ಬಂದು, ಏಳನೇ ನಂಬರಿನ ಹುಡುಗನಿಗೆ ಪಾಸ್‌ಪೋರ್ಟ್ ಇದೆಯೇ ಎಂದು ಕೇಳಿದರು. ಅವರ ಭಾವಮೈದುನ ನಾರ್ವೆಯ ಉತ್ತರ ಕರಾವಳಿಯ ಒಂದು ಸಣ್ಣ ಕ್ಲಬ್ಬಿಗೆ ಕೋಚ್ ಆಗಿದ್ದ. ಎರಡನೇ ದರ್ಜೆಯ ಕ್ಲಬ್ಬು, ಆದರೆ ಸಂಬಳ ಕೊಟ್ಟು ಆಡಿಸುವ ಕ್ಲಬ್ಬು. ನಮ್ಮ ಊರಿನಿಂದ ಅಂಥ ಆಟಕ್ಕೆ ಯಾರೂ ಹೋಗಿರಲಿಲ್ಲ.

ಮರುವರ್ಷದ ಮಾರ್ಚಿನಲ್ಲಿ ಫಾನ್ಸ್ ಹದಿನೈದು ದಿನ ಅಲ್ಲಿಗೆ ಹೋಗಿ ಪರೀಕ್ಷೆಗೆ ಆಡಿ ಬಂದ. ಹೇಗಿತ್ತು ಎಂದು ಕೇಳಿದ್ದಕ್ಕೆ, ಅಲ್ಲೂ ಗಾಳಿ ಜಾಸ್ತಿ ಎಂದಷ್ಟೇ ಹೇಳಿದ. ಮೇ ತಿಂಗಳಲ್ಲಿ ಅವರಿಂದ ಕಾಗದ ಬಂತು. ಅಂಚೆ ಚೀಲದಿಂದ ಅದನ್ನು ತೆಗೆದವನು ನಾನೇ. ಕಚೇರಿಗೆ ಬೀಗ ಹಾಕಿ ಕಾರ್ಖಾನೆಗೆ ಓಡಿ, ಮೀನಿನ ಲೋಳೆ ಮೆತ್ತಿದ ಲೊರೆಟಾಳ ಕೈಗೆ ಕೊಟ್ಟೆ. ಸೆಪ್ಟೆಂಬರ್ ಹದಿನೈದಕ್ಕೆ ಬಂದು ಸೇರಬೇಕೆಂದು ಬರೆದಿದ್ದರು.

ಆ ವರ್ಷದ ಜುಲೈ ಎರಡರಂದು ಸರ್ಕಾರ ಕಾಡ್ ಮೀನು ಹಿಡಿಯುವುದನ್ನು ನಿಲ್ಲಿಸಿತು. ಐನೂರು ವರ್ಷ ಹಿಡಿದ ಮೀನು ಮುಗಿಯುತ್ತಾ ಬಂದಿದೆ ಎಂದರು. ದೋಣಿಗಳನ್ನೆಲ್ಲ ದಡಕ್ಕೆ ಎಳೆದು ನಿಲ್ಲಿಸಿದರು, ಕಾರ್ಖಾನೆ ಮುಚ್ಚಿತು. ಬೆಳಗಿನ ಹೊತ್ತು ಗಂಡಸರು ಅಂಚೆ ಕಚೇರಿಗೆ ಬಂದು, ಕಾಗದ ಇಲ್ಲವೆಂದು ಗೊತ್ತಿದ್ದೂ ಕೇಳಿ, ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಕೆಲಸ ಕಳೆದುಕೊಂಡವರಲ್ಲಿ ಸಿರಿಲ್ ಕೂಡ ಒಬ್ಬ. ಫಾನ್ಸ್‌ನನ್ನು ಕಂಡಾಗಲೆಲ್ಲ ಕೆಣಕುತ್ತಿದ್ದ: “ಲೋ, ಇಲ್ಲಿ ಮೀನು ಖಾಲಿ ಆಯ್ತು ಅಂತ ಅಲ್ಲಿಗೆ ಹೊರಟ್ಯಾ? ಅಲ್ಲಿಂದೂ ಮುಗಿಸ್ಬಿಡ್ಬೇಡ ಕಣೋ, ಯಾರಾದ್ರೂ ಬೈದಾರು.” ಫಾನ್ಸ್ ನಗುತ್ತಿದ್ದ. ಆ ಬೇಸಿಗೆಯಲ್ಲಿ ಊರಿನಲ್ಲಿ ನಗುತ್ತಿದ್ದವರು ಕಡಿಮೆ.

ಆದರೆ ತಂಡ ಗೆಲ್ಲುತ್ತಾ ಹೋಯಿತು. ಮೀನಿನ ಕಾಲದಲ್ಲಿ ಅರ್ಧ ಜನ ಕಡಲಿನಲ್ಲಿರುತ್ತಿದ್ದರು. ಈಗ ಹನ್ನೊಂದಕ್ಕೆ ಹನ್ನೊಂದೂ ದಿನಾ ಅಭ್ಯಾಸಕ್ಕೆ ಸಿಕ್ಕರು. ಹದಿನಾಲ್ಕು ವರ್ಷದ ನಂತರ ನಾವು ಪ್ರಾಂತ್ಯದ ಕಪ್ಪಿನ ಫೈನಲ್ಲಿಗೆ ಬಂದೆವು. ಅದೂ ನಮ್ಮದೇ ಮೈದಾನದಲ್ಲಿ, ಆಗಸ್ಟಿನ ಕೊನೆಯ ಭಾನುವಾರ.

ಅದಕ್ಕೆ ಎರಡು ವಾರ ಮುಂಚೆ ಪಕ್ಕದ ಊರಿನ ಜಲ್ಲಿಮಣ್ಣಿನ ಮೈದಾನದಲ್ಲಿ ಫಾನ್ಸ್ ಓಡುತ್ತಾ ಎಡಗಾಲು ಊರಿ ತಿರುಗಿದವನು ಹಾಗೇ ಕೂತುಬಿಟ್ಟ. ಯಾರೂ ಅವನನ್ನು ಮುಟ್ಟಿರಲಿಲ್ಲ. ಸಂಜೆಯ ಹೊತ್ತಿಗೆ ಮಂಡಿ ಎಲೆಕೋಸಿನ ಗಾತ್ರಕ್ಕೆ ಊದಿತ್ತು. ಆಸ್ಪತ್ರೆಯ ಡಾಕ್ಟರು ಕಾಲನ್ನು ಮಡಿಸಿ ನೋಡಿ, ಮಂಡಿಯೊಳಗಿನ ಮೆತ್ತೆ ಹರಿದಿರಬಹುದು, ಆರು ವಾರ ಓಡಕೂಡದು, ಪ್ರಾಂತ್ಯದ ರಾಜಧಾನಿ ಸೇಂಟ್ ಜಾನ್ಸ್‌ಗೆ ಹೋಗಿ ಪರೀಕ್ಷೆ ಮಾಡಿಸಲೇಬೇಕು ಎಂದರು. ಪರೀಕ್ಷೆಗೆ ದಿನ ಸಿಕ್ಕಿದ್ದು ಅಕ್ಟೋಬರ್ ಕೊನೆಗೆ.

ಮರುದಿನ ಲೊರೆಟಾ ನಮ್ಮ ಮನೆಗೆ ಬಂದಳು. ನಾನು ಡಬ್ಬಿ ಹಾಲಿನ ಚಹಾ ಮಾಡಿಕೊಟ್ಟೆ. ಅವಳು ಮುಟ್ಟಲಿಲ್ಲ.

“ಗಸ್, ಅವನನ್ನ ಫೈನಲ್ಲಿಗೆ ಇಳಿಸ್ಬೇಡ.”

“ಇಲ್ಲ ಲೊರೆಟಾ, ಇಳಿಸಲ್ಲ.”

“ಅವನಾಗಿ ಬಂದು ಆಡ್ತೀನಿ ಅಂದ್ರೂನೂ.”

“ಅಂದ್ರೂನೂ.”

“ನೀನು ಕೇಳಿದ್ರೆ ಅವನು ಇಲ್ಲ ಅನ್ನಲ್ಲ. ಅದು ನಿಂಗೂ ಗೊತ್ತು, ನಂಗೂ ಗೊತ್ತು. ಅದಕ್ಕೇ ನಿನ್ನ ಹತ್ರ ಬಂದಿದೀನಿ, ಅವನ ಹತ್ರ ಅಲ್ಲ.”

ನಾನು ಮಾತು ಕೊಟ್ಟೆ. ಆಮೇಲೆ ಅವಳು ಚಹಾ ಕುಡಿದಳು.

ಫೈನಲ್ ದಿನ ಊರಿಗೆ ಊರೇ ಮೈದಾನದ ಸುತ್ತ ನಿಂತಿತ್ತು. ವೀಲ್‌ಚೇರಿನಲ್ಲಿದ್ದ ಮುದುಕರನ್ನೂ ಕಂಬಳಿ ಹೊದಿಸಿ ತಂದಿದ್ದರು. ಫಾನ್ಸ್ ಬೆಂಚಿನಲ್ಲಿ ಕೂತಿದ್ದ. ಅವನ ಹೆಸರನ್ನು ಬದಲಿ ಆಟಗಾರರ ಪಟ್ಟಿಯಲ್ಲಿ ಸೇರಿಸಿದ್ದೆ. ತಂಡದವರ ಜೊತೆ ಅಂಗಿ ಹಾಕಿಕೊಂಡು ಕೂರಲಿ ಎಂದಷ್ಟೇ ಸೇರಿಸಿದ್ದು ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಹಾಗೆ ಹೇಳಿಕೊಳ್ಳುವುದಿಲ್ಲ. ಆಡಿಸುವ ಮನಸ್ಸಿಲ್ಲದಿದ್ದರೆ ಹೆಸರು ಯಾಕೆ ಬರೆಯಬೇಕು?

ಎದುರು ತಂಡ ಒಂದು ಗೋಲು ಹೊಡೆಯಿತು. ನಮ್ಮವರು ಎಷ್ಟು ಒದ್ದಾಡಿದರೂ ದಾರಿ ಸಿಗಲಿಲ್ಲ. ಆಟ ಮುಗಿಯಲು ಇಪ್ಪತ್ತೆರಡು ನಿಮಿಷ ಉಳಿದಿದ್ದಾಗ ನನ್ನ ಬೆನ್ನ ಹಿಂದೆ ಜನ ಮೌನವಾದರು. ಬೈದಿದ್ದರೆ, ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಎರಡು ತಿಂಗಳಿಂದ ಅಂಚೆ ಕಚೇರಿಯ ಗೋಡೆಗೆ ಒರಗಿ ನಿಲ್ಲುತ್ತಿದ್ದವರ ಮೌನವೇ ಅದು. ನಾನು ಫಾನ್ಸ್‌ನ ಪಕ್ಕ ಹೋಗಿ ಕುಕ್ಕರಗಾಲಿನಲ್ಲಿ ಕೂತೆ.

“ಹೆಂಗಿದೆ ಮಗಾ ಕಾಲು?”

“ಪರ್ವಾಗಿಲ್ಲ ಸ್ಕಿಪರ್.”

“ಇಪ್ಪತ್ತು ನಿಮಿಷ ಆಗುತ್ತಾ?”

ಅವನು ಒಮ್ಮೆ ಆಚೆ ಬದಿಗೆ ನೋಡಿದ. ಅಲ್ಲಿ ಅವನ ತಾಯಿ ನಿಂತಿದ್ದಳು. ಆಮೇಲೆ ಬೂಟಿನ ದಾರ ಬಿಗಿ ಮಾಡುತ್ತಾ, “ಹೂಂ,” ಎಂದ.

ಅವನು ಒಳಗೆ ಹೋದದ್ದೇ ನಮ್ಮ ಹುಡುಗರ ನಡಿಗೆಯೇ ಬದಲಾಯಿತು. ಕುಂಟುತ್ತಿದ್ದಾನೆಂದು ಎದುರಿನವರು ಅವನನ್ನು ಬಿಟ್ಟುಬಿಟ್ಟರು. ಮೊದಲನೆಯ ಗೋಲಿಗೆ ಚೆಂಡು ಕೊಟ್ಟವನು ಅವನು. ಎರಡನೆಯದನ್ನು ಕೊನೆಯ ನಿಮಿಷದಲ್ಲಿ ಅವನೇ ಹೊಡೆದ, ಅದೇ ಎಡಗಾಲಿನಿಂದ. ಹೊಡೆದು ಬಿದ್ದವನು ಮೇಲೇಳಲಿಲ್ಲ. ಸಿರಿಲ್ ಮೈದಾನದ ಆ ತುದಿಯಿಂದ ಓಡಿಬಂದು ಅವನನ್ನು ಹೆಗಲ ಮೇಲೆ ಹಾಕಿಕೊಂಡ. ಜನ ಅಳುತ್ತಿದ್ದರು, ನಾನೂ ಅಳುತ್ತಿದ್ದೆ. ಲೊರೆಟಾಳನ್ನು ಹುಡುಕಿದೆ. ಅವಳು ಅಷ್ಟು ಹೊತ್ತಿಗೆ ಹೊರಟುಹೋಗಿದ್ದಳು.

ನಾನು ಮಾಡಿದ್ದು ಅಷ್ಟಕ್ಕೇ ನಿಂತಿದ್ದರೆ ಏನಾಗುತ್ತಿತ್ತೋ. ಫಾನ್ಸ್ ಹೊರಡುವ ಹಿಂದಿನ ದಿನ ಕಚೇರಿಗೆ ಬಂದು, ಅಲ್ಲಿಯ ಡಾಕ್ಟರರಿಗೆ ಮಂಡಿಯ ವಿಷಯ ಹೇಳಲೇ ಎಂದು ಕೇಳಿದ. ಆ ಹೊತ್ತಿಗೆ ಊತ ಇಳಿದಿತ್ತು. ಹೇಳಿದರೆ ಅವರು ಅವನನ್ನು ಬೇಡವೆನ್ನಬಹುದು ಎಂದು ನನಗೆ ಹೆದರಿಕೆ. ಅವನಿಗೋಸ್ಕರ ಹೆದರಿದೆನೋ, ಗ್ರೇ ಕೋವಿನಿಂದ ಹೋದ ಮೊದಲ ಆಟಗಾರ ವಾಪಸು ಬಂದುಬಿಟ್ಟರೆ ಎಂದು ಹೆದರಿದೆನೋ, ಇವತ್ತಿಗೂ ತಿಳಿಯದು. “ಕೇಳಿದ್ರೆ ಮಾತ್ರ ಹೇಳು. ಕೇಳಿದ್ರೂ ದೊಡ್ಡದು ಮಾಡ್ಬೇಡ,” ಎಂದೆ. ಅವನು ಹೂಂ ಎಂದ.

ನಾರ್ವೆಯಲ್ಲಿ ಅವನು ಮೇಲೆ ಬಂದದ್ದು ನಿಜ. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಮೊದಲ ಚಳಿಗಾಲ ಒಂದು ಮೀನುಗಾರರ ಮನೆಯ ಮೇಲಿನ ಕೋಣೆಯಲ್ಲಿದ್ದ. ಮನೆಯೊಡತಿ ಬೇಯಿಸುತ್ತಿದ್ದ ಮೀನು ಅಮ್ಮನದಕ್ಕಿಂತ ಚೆನ್ನಾಗಿದೆ, ಇದನ್ನು ಅಮ್ಮನಿಗೆ ಹೇಳಬೇಡಿ ಎಂದು ನನಗೆ ಬರೆದಿದ್ದ. ಮರುವರ್ಷ ಮೊದಲ ಹನ್ನೊಂದರಲ್ಲಿ ಬಂದ. ಆ ಋತುವಿನಲ್ಲಿ ಒಂಬತ್ತು ಗೋಲು. ಅದರ ಮುಂದಿನ ವರ್ಷ ಹದಿನಾಲ್ಕು. ಆ ಹದಿನಾಲ್ಕರ ಬಲದಿಂದಲೇ ಕ್ಲಬ್ಬು ಮೇಲಿನ ದರ್ಜೆಗೆ ಏರಿತು ಎಂದು ಔನೆ ಬರೆದರು. ಕೆನಡಾದ ರಾಷ್ಟ್ರೀಯ ತಂಡದ ಶಿಬಿರಕ್ಕೂ ಒಮ್ಮೆ ಕರೆ ಬಂತು. ಹೋಗಲಿಲ್ಲ. ಜ್ವರ ಎಂದು ತಿಳಿಸಿದ.

ಔನೆ ಅಲ್ಲಿನ ಪತ್ರಿಕೆಯ ತುಣುಕುಗಳನ್ನು ಕತ್ತರಿಸಿ ಕಳಿಸುತ್ತಿದ್ದರು. ನಾನು ಅವನ್ನೆಲ್ಲ ಅಂಚೆ ಕಚೇರಿಯ ಹಲಗೆಗೆ ಚುಚ್ಚುತ್ತಿದ್ದೆ. ಆ ಭಾಷೆ ನಮ್ಮಲ್ಲಿ ಯಾರಿಗೂ ಬಾರದು. ಆದರೂ ಸ್ಟಾಂಪಿಗೆ ಬಂದವರು ನಿಂತು, ಬೆರಳಿಟ್ಟು ಅವನ ಹೆಸರನ್ನು ಹುಡುಕಿ, ಚಿತ್ರ ನೋಡಿ ಹೋಗುತ್ತಿದ್ದರು. ಆ ಮೂರು ವರ್ಷದಲ್ಲಿ ಅವನು ನನಗೆ ಮೂರು ಸಲ ಫೋನ್ ಮಾಡಿದ, ಕಚೇರಿಯ ಫೋನಿಗೇ. ಪ್ರತಿಸಲವೂ ನಾನು ಎಷ್ಟು ಗೋಲು, ಯಾರ ಮೇಲೆ ಎಂದು ಕೇಳಿ, ಸಾಲಿನಲ್ಲಿ ನಿಂತವರಿಗೆ ಕೂಗಿ ಹೇಳುತ್ತಿದ್ದೆ. ಅವರು ಚಪ್ಪಾಳೆ ತಟ್ಟುತ್ತಿದ್ದರು. ಫೋನನ್ನು ಅವರ ಕಡೆಗೆ ಹಿಡಿದು ಅದನ್ನು ಅವನಿಗೂ ಕೇಳಿಸುತ್ತಿದ್ದೆ.

೧೯೯೫ರ ಜೂನಿನಲ್ಲಿ ಒಂದು ದೊಡ್ಡ ತುಣುಕು ಬಂತು. ಅರ್ಧ ಪುಟ, ಫಾನ್ಸ್‌ನ ಮುಖ ಮಾತ್ರ. ಜೊತೆಯಲ್ಲಿ ಔನೆಯ ಕಾಗದ ಇರಲಿಲ್ಲ. ಇಷ್ಟು ದೊಡ್ಡ ಚಿತ್ರ ಎಂದಮೇಲೆ ಮೇಲಿನ ದರ್ಜೆಯಲ್ಲಿ ಏನೋ ದೊಡ್ಡದನ್ನೇ ಮಾಡಿದ್ದಾನೆ ಎಂದು ನಾವೆಲ್ಲ ಲೆಕ್ಕ ಹಾಕಿದೆವು. ಹಲಗೆಯ ನಡುವೆ ಜಾಗ ಮಾಡಿ ಚುಚ್ಚಿದೆ. ಯಾರೋ ಅದರ ಕೆಳಗೆ ಕಾಗದದ ಹೂವು ಸಿಕ್ಕಿಸಿದರು. ಹನ್ನೆರಡು ದಿನ ಅದು ಹಾಗೇ ಇತ್ತು.

ಹದಿಮೂರನೆಯ ದಿನ ಒಬ್ಬ ನಾರ್ವೆಯ ನಾವಿಕ ಮನೆಗೆ ಕಾಗದ ಹಾಕಲು ಬಂದ. ವಯಸ್ಸಾದವನು. ತನ್ನ ಭಾಷೆ ಕಂಡು ಹಲಗೆಯ ಮುಂದೆ ನಿಂತು ಪೂರ್ತಿ ಓದಿದ. ಆಮೇಲೆ ನನ್ನ ಕಡೆ ತಿರುಗಿ, ಇವನು ನಿಮ್ಮವನೇ ಎಂದು ಕೇಳಿದ. ನಾನು ಹೆಮ್ಮೆಯಿಂದ ಹೌದೆಂದೆ. ಅವನು ಕಾಗದದ ಹೂವನ್ನು ನೋಡಿದ.

“ಇದರಲ್ಲಿ ಏನಿದೆ ಅಂತ ನಿಮಗೆ ಗೊತ್ತಾ?”

ಗೊತ್ತಿಲ್ಲವೆಂದೆ. ಅವನು ತಪ್ಪು ತಪ್ಪು ಇಂಗ್ಲಿಷಿನಲ್ಲಿ ಒಂದೊಂದೇ ಸಾಲು ಓದಿ ಹೇಳಿದ. ಎಡಮಂಡಿಯನ್ನು ಈ ವರ್ಷ ಎರಡು ಸಲ ಕೊಯ್ದಿದ್ದಾರೆ. ಒಳಗಿನ ಮೆತ್ತೆ ಪೂರ್ತಿ ಸವೆದು ಮೂಳೆಗೆ ಮೂಳೆ ಉಜ್ಜುತ್ತಿದೆ. ಗಾಯ ಹಳೆಯದು, ಅವನು ನಾರ್ವೆಗೆ ಬರುವ ಮೊದಲಿನದು, ಆಗಲೇ ತೋರಿಸಿದ್ದರೆ ಸಣ್ಣದರಲ್ಲಿ ಸರಿಹೋಗುತ್ತಿತ್ತು ಎನ್ನುತ್ತಾರೆ ಡಾಕ್ಟರು. ಇಪ್ಪತ್ತೆರಡು ವರ್ಷದ ಈ ಕೆನಡಾದ ಹುಡುಗ ಇನ್ನು ಆಡುವುದು ಅನುಮಾನ. ಕೊನೆಯ ಸಾಲು ಹೇಳುವಾಗ ಅವನು ಟೋಪಿ ತೆಗೆದಿದ್ದ.

ಫಾನ್ಸ್ ಮರುವರ್ಷದ ವಸಂತದಲ್ಲಿ ಊರಿಗೆ ಬಂದ. ಒಂದು ವಾರ ನಾನು ಅವನ ಮನೆಯ ಕಡೆ ಹೋಗಲಿಲ್ಲ. ಹೋದ ದಿನ ಅವನಿರಲಿಲ್ಲ, ಲೊರೆಟಾ ಒಬ್ಬಳೇ ಇದ್ದಳು. ನನ್ನನ್ನು ಒಳಗೆ ಕರೆದು ಕೂರಿಸಿ, ಸೌದೆ ಒಲೆಯ ಮೇಲಿದ್ದ ಕೆಟಲ್ಲಿನಿಂದ ಚಹಾ ಬಗ್ಗಿಸಿದಳು. ಸಿದ್ಧ ಮಾಡಿಕೊಂಡು ಹೋಗಿದ್ದ ಮಾತನ್ನು ನಾನು ತೆಗೆಯುವ ಮೊದಲೇ ಅವಳು ಒಂದೇ ಮಾತು ಹೇಳಿದಳು.

“ನಿನ್ನ ಮೇಲೆ ಸಿಟ್ಟಿಲ್ಲ ಗಸ್. ನಿನ್ನ ಮಾತು ನಂಬಿ ಆವತ್ತು ಮನೇಲಿ ಅವನ ಬೂಟು ಬಚ್ಚಿಡದೇ ಇದ್ದೆನಲ್ಲ, ಆ ಸಿಟ್ಟು ನನ್ನ ಮೇಲೇ ಇದೆ.”

ನಾನು ಚಹಾ ಮುಗಿಸಿ ಎದ್ದು ಬಂದೆ. ಅವಳು ಬದುಕಿದ್ದಷ್ಟು ವರ್ಷ ಚರ್ಚಿನಲ್ಲಿ, ಅಂಗಡಿಯಲ್ಲಿ ನನ್ನನ್ನು ಮೊದಲಿನ ಹಾಗೇ ಮಾತಾಡಿಸಿದಳು. ಆ ವಿಷಯವನ್ನು ಮಾತ್ರ ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ೨೦೦೪ರಲ್ಲಿ ಅವಳು ತೀರಿಕೊಂಡಳು. ಶವಪೆಟ್ಟಿಗೆ ಹೊತ್ತವರಲ್ಲಿ ನಾನೂ ಒಬ್ಬ.

ಫಾನ್ಸ್‌ಗೆ ರಸ್ತೆ ಇಲಾಖೆಯಲ್ಲಿ ಹಿಮ ತೆಗೆಯುವ ಲಾರಿ ಓಡಿಸುವ ಕೆಲಸ ಸಿಕ್ಕಿತು. ಚೆನ್ನಾಗಿ ಓಡಿಸುತ್ತಾನೆ, ಜನ ಅವನ ದಾರಿ ಕಾಯುತ್ತಾರೆ. ಆದರೆ ಮೈದಾನಕ್ಕೆ ಮಾತ್ರ ಕಾಲಿಡಲಿಲ್ಲ. ಭಾನುವಾರ ಇಡೀ ಊರು ಅಲ್ಲಿ ಸೇರಿದಾಗ ಅವನು ದೋಣಿ ತೆಗೆದುಕೊಂಡು ಬಾತುಕೋಳಿ ಬೇಟೆಗೋ ಬೆರ್ರಿ ಆಯುವುದಕ್ಕೋ ಹೊರಟುಬಿಡುತ್ತಿದ್ದ. ಕಾಲಿನ ನೋವಿಗೆ ನಿಲ್ಲಲಾಗದೆ ಬರುವುದಿಲ್ಲ ಎಂದು ಜನ ಅಂದುಕೊಂಡರು. ನನ್ನ ಮುಖ ನೋಡಬಾರದೆಂದು ಬರುವುದಿಲ್ಲ ಎಂದು ನಾನು ಅಂದುಕೊಂಡೆ.

ಲೊರೆಟಾ ತೀರಿಕೊಂಡ ಆ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ನನ್ನ ಕಾರು ಗುಡ್ಡದ ತಿರುವಿನ ಹಿಮದಲ್ಲಿ ಹೂತುಕೊಂಡಿತು. ಬಂದು ಎಳೆದವನು ಫಾನ್ಸೇ. ಕೈ ಬೆಚ್ಚಗಾಗಲಿ ಎಂದು ನನ್ನನ್ನು ಲಾರಿಯೊಳಗೆ ಹತ್ತಿಸಿಕೊಂಡ. ಹನ್ನೆರಡು ವರ್ಷದಿಂದ ಒಳಗೆ ಇಟ್ಟುಕೊಂಡಿದ್ದನ್ನು ಅಲ್ಲಿ ಹೇಳಿದೆ. ನಿನ್ನ ಅಮ್ಮನಿಗೆ ಮಾತು ಕೊಟ್ಟಿದ್ದೆ, ಮುರಿದೆ, ಅಲ್ಲಿ ಬಾಯಿ ಬಿಡಬೇಡ ಎಂದೂ ನಾನೇ ಹೇಳಿಕೊಟ್ಟೆ ಎಂದೆ. ಅವನು ಗಾಜಿನ ಮೇಲಿನ ಹಿಮ ಒರೆಸುವ ಕಡ್ಡಿಗಳನ್ನು ನೋಡುತ್ತಾ ಕೂತಿದ್ದ.

“ಆವತ್ತು ನಂಗೂ ಆಡ್ಬೇಕಿತ್ತು ಸ್ಕಿಪರ್. ಅದನ್ನ ನಿಮ್ಮ ಮೇಲೆ ಹಾಕಲ್ಲ. ನೀವು ಕೇಳದೇ ಇದ್ದಿದ್ರೆ ನಾನೇ ಕೇಳ್ತಿದ್ದೆ.”

ನನ್ನ ಎದೆ ಸ್ವಲ್ಪ ಹಗುರವಾಯಿತು. ಅಷ್ಟರಲ್ಲಿ ಅವನು ಮತ್ತೆ ಮಾತಾಡಿದ.

“ಆದ್ರೆ ನಾನು ಅಲ್ಲಿಂದ ಫೋನ್ ಮಾಡಿದ್ನಲ್ಲ, ಮೂರು ಸಲ. ಯಾಕೆ ಮಾಡ್ದೆ ಅಂದ್ಕೊಂಡ್ರಿ?”

ನಾನು ಅವನ ಕಡೆ ತಿರುಗಿದೆ.

“ಮೆಟ್ಟಿಲು ಇಳಿಯೋಕೆ ಆಗ್ತಿರ್ಲಿಲ್ಲ. ಬೆಳಿಗ್ಗೆ ಕೂತ್ಕೊಂಡೇ ಇಳೀತಿದ್ದೆ, ಮನೆಯವರು ಏಳೋದಕ್ಕೆ ಮುಂಚೆ. ಅಮ್ಮಂಗೆ ಹೇಳಿದ್ರೆ ಅಳ್ತಾಳೆ. ನಿಮ್ಗೆ ಹೇಳಿದ್ರೆ, ಸಾಕು ಮಗಾ ಡಾಕ್ಟರ್ ಹತ್ರ ಹೋಗು ಅಂತೀರ ಅಂದ್ಕೊಂಡಿದ್ದೆ. ನೀವು ಹೇಳಿದ್ರೆ ಹೋಗ್ತಿದ್ದೆ. ಮೂರು ಸಲಾನೂ ನೀವು ಎಷ್ಟು ಗೋಲು ಅಂದ್ರಿ. ಆಮೇಲೆ ಚಪ್ಪಾಳೆ ಕೇಳಿಸಿದ್ರಿ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುವ ದನಿ. ರೇಡಿಯೋದಲ್ಲಿ ಯಾರೋ ಮುಂದಿನ ರಸ್ತೆ ಮುಚ್ಚಿಹೋಗಿದೆ ಎಂದು ಅವನನ್ನು ಕರೆದರು. “ಬಂದೆ,” ಎಂದು ಅವರಿಗೆ ಹೇಳಿ, ನನ್ನ ಕಡೆಯ ಬಾಗಿಲನ್ನು ಕೈ ಚಾಚಿ ತೆಗೆದ. ಜಾರುತ್ತದೆ, ನಿಧಾನವಾಗಿ ಇಳಿಯಿರಿ ಎಂದ.

ಆ ವಸಂತದಲ್ಲಿ ತಂಡದ ಕೆಲಸವನ್ನು ಸಿರಿಲ್‌ಗೆ ಒಪ್ಪಿಸಿದೆ. ಕಾರಣ ಕೇಳಿದವರಿಗೆ ವಯಸ್ಸಾಯಿತು ಎಂದೆ. ಹುಡುಗರು ಆ ಕಪ್ ಗೆದ್ದ ದಿನದ ಚಿತ್ರವೊಂದನ್ನು ಕಟ್ಟು ಹಾಕಿಸಿ ಉಡುಗೊರೆ ಕೊಟ್ಟರು. ಅದರಲ್ಲಿ ಫಾನ್ಸ್ ಸಿರಿಲ್‌ನ ಹೆಗಲ ಮೇಲಿದ್ದಾನೆ, ಎಲ್ಲರೂ ನಗುತ್ತಿದ್ದಾರೆ. ಅವನ ಎಡಗಾಲು ಮಾತ್ರ ಒಣಹಾಕಿದ ಮೀನಿನ ಹಾಗೆ ಇಳಿಬಿದ್ದಿದೆ. ಅದನ್ನು ಮನೆಯ ಗೋಡೆಗೆ ಹಾಕಲು ನನಗೆ ಆಗಲಿಲ್ಲ, ಬಿಸಾಡಲೂ ಆಗಲಿಲ್ಲ. ಮಂಚದ ಕೆಳಗಿದೆ.

ಫಾನ್ಸ್ ಜೆರಾಲ್ಡೀನ್ ಎಂಬ ಒಳ್ಳೆಯ ಹುಡುಗಿಯನ್ನು ಮದುವೆಯಾದ. ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಐಸ್‌ಹಾಕಿ ಆಟಗಾರರು. ಅವರ ಅಪ್ಪ ಒಂದು ಕಾಲದಲ್ಲಿ ನಾರ್ವೆಯ ಕ್ಲಬ್ಬನ್ನು ಮೇಲೆತ್ತಿದವನೆಂದು ಅವರಿಗೆ ಯಾರೋ ಶಾಲೆಯಲ್ಲಿ ಹೇಳಬೇಕಾಯಿತಂತೆ.

ಹೋದ ಶರತ್ಕಾಲದಲ್ಲಿ ಸೇಂಟ್ ಜಾನ್ಸ್‌ನ ಆಸ್ಪತ್ರೆಯಲ್ಲಿ ಅವನ ಎಡಮಂಡಿಯನ್ನು ತೆಗೆದು ಲೋಹದ ಮಂಡಿ ಹಾಕಿದರು. ಅವನಿಗೀಗ ಐವತ್ತು. ನೋಡಿಕೊಂಡು ಬರಬೇಕೆಂದು ಎರಡು ಸಲ ಹೊರಟು ನಿಂತೆ. ನಾಲ್ಕು ಗಂಟೆಯ ದಾರಿ, ಮಂಜು ಕವಿದಿದೆ, ಈ ವಯಸ್ಸಿನಲ್ಲಿ ಕಷ್ಟ ಎಂದು ಅಕ್ಕಪಕ್ಕದವರಿಗೆ ಹೇಳಿದೆ. ಮಂಜು ಒಂದೇ ದಿನಕ್ಕೆ ಸರಿದಿತ್ತು. ಹಾಸಿಗೆಯ ಪಕ್ಕ ಕೂತು ಏನು ಕೇಳಲಿ ಎಂಬುದು ತಿಳಿಯದೆ ಮನೆಯಲ್ಲೇ ಉಳಿದೆ.

ಎಂಟು ವಾರದ ನಂತರ ಅಂಗಡಿಗೆ ಹೋಗುವಾಗ ಅವನ ಮನೆಯ ಮುಂದೆ ಹಾದೆ. ಅವನು ಏಣಿ ಹತ್ತಿ ಮಾಡಿನ ಹಲಗೆ ಬಡಿಯುತ್ತಿದ್ದ. ಕೆಳಗೆ ಜೆರಾಲ್ಡೀನ್ ಇಳಿ ಇಳಿ ಎಂದು ಬೈಯುತ್ತಿದ್ದಳು. ಅವನು ನನ್ನ ಕಾರನ್ನು ಕಂಡು, ಬಾಯಿಯಲ್ಲಿ ಮೊಳೆ ಕಚ್ಚಿಕೊಂಡೇ ತಲೆಯಾಡಿಸಿದ. ನಾನೂ ತಲೆಯಾಡಿಸಿ ಕಾರನ್ನು ಮುಂದಕ್ಕೆ ಬಿಟ್ಟೆ.